₹700ರ ಓಬಿಡಿ ಸ್ಕ್ಯಾನರ್, ಮೂರು ವರ್ಷ ಬಳಸಿದ ಮೇಲೆ: ಸೈಲೆನ್ಸರ್ ಬದಲಿಸಿ ತಂದುಕೊಂಡ ತಲೆನೋವಿನ ಸಮೇತ

ಕಾರಿನ ಓಬಿಡಿ ಪೋರ್ಟಿಗೆ (ದೋಷ ಪತ್ತೆಯ ಸಾಕೆಟ್ಟು) ಚುಚ್ಚಿದರೆ ಎಂಜಿನ್ನಿನ ಲೆಕ್ಕಗಳನ್ನೂ ದೋಷದ ಕೋಡುಗಳನ್ನೂ ಫೋನಿಗೆ ಕಳಿಸುವ ಈ ಬ್ಲೂಟೂತ್ ಸ್ಕ್ಯಾನರ್ ಕೊಂಡು ಮೂರು ವರ್ಷ ಆಯಿತು. ಆಗ ₹700 ಚಿಲ್ಲರೆ ಕೊಟ್ಟಿದ್ದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಕಪ್ಪು ಪ್ಲಾಸ್ಟಿಕ್ಕು, ಮೇಲೊಂದು ಇಎಲ್‌ಎಂ327 ಅಂತ ಸ್ಟಿಕ್ಕರ್. ಕಂಪನಿ ಹೆಸರು ಎಲ್ಲೂ ಇಲ್ಲ. ಮೊದಲ ಒಂದು ವರ್ಷ ಇದನ್ನು ಆಟದ ಸಾಮಾನಿನ ಹಾಗೆ ಬಳಸಿದೆ. ಹೈವೇಲಿ ಕೂಲೆಂಟ್ ಎಷ್ಟು ಬಿಸಿಯಾಗಿದೆ ನೋಡೋದು, ಪಕ್ಕದಲ್ಲಿ ಕೂತವರಿಗೆ ತೋರಿಸೋದು, ಅಷ್ಟೇ. ಆಮೇಲೆ ಸೈಲೆನ್ಸರ್ ಬದಲಿಸುವ ಹುಚ್ಚು ಹತ್ತಿತು. ಈ ಡಬ್ಬಿಯ ನಿಜವಾದ ಬೆಲೆ ಗೊತ್ತಾಗಿದ್ದು ಆಗಲೇ.

ಕೊಳ್ಳುವ ಮುಂಚೆ ಒಂದು ವಿಷಯ ತಿಳಿದಿರಲಿ. ಇಎಲ್‌ಎಂ327 ಮೂಲತಃ ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ಮಾಡುತ್ತಿದ್ದ ಚಿಪ್ಪು. ಆ ಕಂಪನಿ 2022ರಲ್ಲೇ ಬಾಗಿಲು ಹಾಕಿತು. ನಮಗೆ ಈ ಬೆಲೆಗೆ ಸಿಗುವುದೆಲ್ಲ ನಕಲು. ನಕಲಿನಲ್ಲೂ ಒಳ್ಳೆ ನಕಲು, ಕೆಟ್ಟ ನಕಲು ಅಂತ ಇದೆ. ನಾನು ಮೊದಲು ತರಿಸಿದ್ದು ₹350ರದ್ದು, ವರ್ಷನ್ 2.1 ಅಂತ ಬರೆದಿತ್ತು. ಫೋನಿಗೆ ಜೋಡಿಯಾಯಿತು, ಕಾರಿಗೆ ಆಗಲಿಲ್ಲ. ನನ್ನದು ಬೆಂಗಳೂರಲ್ಲಿ ರಿಜಿಸ್ಟರ್ ಆದ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಅದರ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಮಾತಾಡುವುದು ಕೆ-ಲೈನ್ ಅನ್ನುವ ಹಳೇ ಸಂಪರ್ಕದಲ್ಲಿ. 2.1 ಅಂತ ಬರೆದ ಎಷ್ಟೋ ಡಬ್ಬಿಗಳಿಗೆ ಆ ಭಾಷೆಯೇ ಬರುವುದಿಲ್ಲ. ಈಗ ಇರುವುದು 1.5. ತಮಾಷೆ ಏನೆಂದರೆ ಮೂಲ ಕಂಪನಿ 1.5 ಅನ್ನುವ ವರ್ಷನ್ನನ್ನು ಯಾವತ್ತೂ ಹೊರಡಿಸಿಯೇ ಇರಲಿಲ್ಲ! ಆದರೂ ಇದು ಕೆಲಸ ಮಾಡುತ್ತದೆ, ಅದು ಮಾಡಲಿಲ್ಲ.

ಈಗ ಸೈಲೆನ್ಸರ್ ಕಥೆಗೆ ಬರೋಣ.

ಎರಡು ವರ್ಷದ ಹಿಂದೆ ದೀಪಾವಳಿ ಮುಂಚೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಫ್ರೀ ಫ್ಲೋ, ಅಂದರೆ ಹೊಗೆಗೆ ತಡೆ ಕಮ್ಮಿ ಇರುವ ಸೈಲೆನ್ಸರ್, ಹಾಕಿಸಿದೆ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ, ಅದರ ಹಿಂದಿನದಷ್ಟೇ ಬದಲಿಸಿ ಅಂತ ಮೊದಲೇ ಹೇಳಿದ್ದೆ. ಅದನ್ನು ಕಿತ್ತರೆ ಹೊಗೆ ಹಾಳು. ಸದ್ದು ಮಿತಿ ಮೀರಿದರೂ ತೊಂದರೆಯೇ. ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಸದ್ದು, ಹೊಗೆ ಎರಡಕ್ಕೂ ₹10,000 ತನಕ ದಂಡ ಇದೆ. ಅಂಗಡಿಯವರು ಕನ್ವರ್ಟರ್ ಉಳಿಸಿದರು, ನಿಜ. ಆದರೆ ವೆಲ್ಡಿಂಗ್ ಸಲೀಸಾಗಲಿ ಅಂತ ಎಂಜಿನ್ನಿನಿಂದ ಹೊಗೆ ಹೊರಬರುವ ಮ್ಯಾನಿಫೋಲ್ಡ್ ಹತ್ತಿರದ ಫ್ಲ್ಯಾಂಜ್ (ಪೈಪಿನ ಬೋಲ್ಟ್ ಜೋಡಣೆ) ಬಿಚ್ಚಿ ಇಡೀ ಪೈಪನ್ನೇ ಕೆಳಗಿಳಿಸಿದ್ದರು. ಅದು ನನಗೆ ಗೊತ್ತಾಗಿದ್ದು ತಿಂಗಳಾದ ಮೇಲೆ.

ಮೂರನೇ ವಾರಕ್ಕೆ ಚೆಕ್ ಎಂಜಿನ್ ದೀಪ ಹತ್ತಿತು. ಸ್ಕ್ಯಾನರ್ ಚುಚ್ಚಿದೆ. ಎರಡು ಕೋಡ್. ಪಿ0171, ಅಂದರೆ ಮಿಶ್ರಣ ಲೀನ್, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುತ್ತಿಲ್ಲ. ಪಿ0141, ಅಂದರೆ ಹಿಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್ ಕೆಟ್ಟಿದೆ. ನಾನು ಏನು ಮಾಡಿದೆ ಗೊತ್ತಾ? ಕ್ಲಿಯರ್ ಒತ್ತಿದೆ. ದೀಪ ಆರಿತು, ಖುಷಿಯಾಯಿತು. ನಾಲ್ಕು ದಿನಕ್ಕೆ ಮತ್ತೆ ಬಂತು. ಮತ್ತೆ ಒತ್ತಿದೆ. ಹೀಗೆ ನಾಲ್ಕು ಸಲ.

ಇದು ಈ ಡಬ್ಬಿ ಇರುವವರೆಲ್ಲ ಮಾಡುವ ತಪ್ಪು. ಕೋಡ್ ಬಿದ್ದ ಕ್ಷಣದಲ್ಲಿ ಎಂಜಿನ್ ಎಷ್ಟು ಆರ್‌ಪಿಎಂನಲ್ಲಿತ್ತು, ಎಷ್ಟು ಬಿಸಿ ಇತ್ತು, ಟ್ರಿಮ್ (ಪೆಟ್ರೋಲ್ ತಿದ್ದುಪಡಿಯ ಲೆಕ್ಕ) ಎಷ್ಟಿತ್ತು ಅನ್ನುವುದನ್ನೆಲ್ಲ ಇಸಿಯು ಒಂದು ಫೋಟೋ ತೆಗೆದ ಹಾಗೆ ಇಟ್ಟುಕೊಂಡಿರುತ್ತದೆ. ಅದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಕ್ಲಿಯರ್ ಒತ್ತಿದರೆ ಅದೂ ಹೋಗುತ್ತದೆ. ಐದನೇ ಸಲ ಬುದ್ಧಿ ಬಂತು. ಸ್ಕ್ರೀನ್‌ಶಾಟ್ ತೆಗೆದುಕೊಂಡೆ. 780 ಆರ್‌ಪಿಎಂ, ಎಂಜಿನ್ ಪೂರ್ತಿ ಬಿಸಿ, ಗಾಡಿ ನಿಂತಿದೆ. ಅಂದರೆ ತೊಂದರೆ ಇರುವುದು ಐಡಲ್‌ನಲ್ಲಿ, ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ.

ಆ ಹೊತ್ತಿಗೆ ಒಂದು ದೊಡ್ಡ ವರ್ಕ್‌ಶಾಪಿಗೂ ಹೋಗಿ ಬಂದಿದ್ದೆ. ಅಲ್ಲಿ ಕೋಡ್ ಓದಿದರು, ಬಾನೆಟ್ ಮುಚ್ಚಿದರು. "ಎರಡೂ ಸೆನ್ಸರ್ ಹೋಗಿದೆ ಸಾರ್, ₹9,000 ಆಗುತ್ತೆ" ಅಂದರು. ಸೈಲೆನ್ಸರ್ ಅಂಗಡಿಯವರಿಗೆ ಫೋನ್ ಮಾಡಿದರೆ ಅವರದು ಇನ್ನೊಂದು ರಾಗ. "ಹಿಂದಿನ ಸೆನ್ಸರಿಗೆ ಒಂದು ಸ್ಪೇಸರ್ ಹಾಕಿಬಿಡೋಣ, ದೀಪ ಬರಲ್ಲ." ದೀಪ ಬರದ ಹಾಗೆ ಮಾಡೋದು ರಿಪೇರಿಯಲ್ಲ, ಕಣ್ಣಿಗೆ ಬಟ್ಟೆ ಕಟ್ಟೋದು. ಅದೂ ಅಲ್ಲದೆ ಸೆನ್ಸರನ್ನು ಹೊಗೆಯಿಂದ ದೂರ ಇಡುವ ಸ್ಪೇಸರ್ ಹಾಕೋದು ಕನ್ವರ್ಟರ್ ಕೆಲಸ ಮಾಡದಿದ್ದಾಗ ಬರುವ ಪಿ0420 ಮುಚ್ಚಿಡೋಕೆ. ನನ್ನ ಕಾರಿಗೆ ಆ ಕೋಡ್ ಬಂದೇ ಇರಲಿಲ್ಲ.

ನನಗೆ ಒಂದು ವಿಷಯ ಕೊರೆಯುತ್ತಿತ್ತು. ಕೋಡ್ ಪ್ರಕಾರ ಪೆಟ್ರೋಲ್ ಸಾಲುತ್ತಿಲ್ಲ. ಆದರೆ ಹೊಸ ಸೈಲೆನ್ಸರಿನ ಹೊಳೆಯುವ ಬಾಯಿಗೆ ಬೆರಳು ಆಡಿಸಿದರೆ ಕಾಡಿಗೆ! ಲೀಟರಿಗೆ 16 ಕೊಡುತ್ತಿದ್ದ ಗಾಡಿ 12ಕ್ಕೆ ಇಳಿದಿತ್ತು. ಪ್ಲಗ್ ಬಿಚ್ಚಿದರೆ ಅದೂ ಕಪ್ಪು. ಹೊಟ್ಟೆಗಿಲ್ಲ ಅಂತ ಅಳುವ ಮಗುವಿನ ಬಾಯಿ ತುಂಬ ಅನ್ನ ಇದ್ದ ಹಾಗೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ, ಅಲ್ವಾ?

ಇಲ್ಲಿ ಸೆನ್ಸರಿನ ಬಗ್ಗೆ ಎರಡು ಮಾತು. ಮುಂದಿನ ಸೆನ್ಸರ್ ಕನ್ವರ್ಟರಿಗಿಂತ ಮೊದಲು ಇರುತ್ತದೆ. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಅಂತ ನೋಡುತ್ತದೆ. ಜಾಸ್ತಿ ಉಳಿದಿದ್ದರೆ 0.1 ವೋಲ್ಟ್ ಹತ್ತಿರ, ಕಮ್ಮಿ ಇದ್ದರೆ 0.9ರ ಹತ್ತಿರ. ಎಲ್ಲ ಸರಿ ಇದ್ದಾಗ ಇವೆರಡರ ಮಧ್ಯೆ ಉಯ್ಯಾಲೆ ಆಡುತ್ತಲೇ ಇರುತ್ತದೆ. ಅದನ್ನು ನೋಡಿ ಇಸಿಯು ಪೆಟ್ರೋಲ್ ಹೆಚ್ಚು ಕಮ್ಮಿ ಮಾಡುತ್ತದೆ. ಆ ಹೆಚ್ಚು ಕಮ್ಮಿಯ ಲೆಕ್ಕವೇ ಫ್ಯುಯೆಲ್ ಟ್ರಿಮ್. 10 ಪರ್ಸೆಂಟ್ ಮೇಲೆ ಕೆಳಗೆ ಆದರೆ ಚಿಂತೆ ಇಲ್ಲ. ಹಿಂದಿನ ಸೆನ್ಸರ್ ಕನ್ವರ್ಟರ್ ಆದ ಮೇಲೆ. ಅದು ಕುಣಿಯಬಾರದು, 0.6, 0.7ರ ಹತ್ತಿರ ಸುಮ್ಮನೆ ಕೂತಿರಬೇಕು. ಸುಮಾರು 300 ಡಿಗ್ರಿ ಬಿಸಿಯಾಗದೆ ಇವು ಕೆಲಸ ಶುರು ಮಾಡುವುದಿಲ್ಲ. ಅದಕ್ಕೇ ಒಳಗೊಂದು ಹೀಟರ್.

ಮೊದಲು ನೋಡಿದ ಗ್ರಾಫ್ ನನ್ನನ್ನು ದಾರಿ ತಪ್ಪಿಸಿತು. ಟಾರ್ಕ್ ಪ್ರೊ ಆ್ಯಪ್‌ನಲ್ಲಿ ಚಂದಕ್ಕೆ ಅಂತ ಹನ್ನೆರಡು ಮೀಟರ್ ಜೋಡಿಸಿಕೊಂಡಿದ್ದೆ. ಅದರಲ್ಲಿ ಮುಂದಿನ ಸೆನ್ಸರ್ ಸತ್ತ ಹಾಗೆ ಕಾಣಿಸಿತು, ಎಷ್ಟೋ ಹೊತ್ತಿಗೊಮ್ಮೆ ಕದಲುವುದು. ವರ್ಕ್‌ಶಾಪ್‌ನವರು ಹೇಳಿದ್ದೇ ಸರಿ ಅಂದುಕೊಂಡೆ. ಸೆನ್ಸರ್ ಆರ್ಡರ್ ಮಾಡೋದೊಂದು ಬಾಕಿ. ಕೆ-ಲೈನ್ ಓಡುವುದು ಸೆಕೆಂಡಿಗೆ 10,400 ಬಿಟ್ ವೇಗದಲ್ಲಿ, ಬಸವನಹುಳು. ಹನ್ನೆರಡು ಲೆಕ್ಕ ಕೇಳಿದರೆ ಒಂದೊಂದರ ಸರದಿ ಬರೋ ಹೊತ್ತಿಗೆ ಸೆನ್ಸರ್ ಹಲವು ಸಲ ಕುಣಿದು ಮುಗಿದಿರುತ್ತದೆ. ಎಲ್ಲ ತೆಗೆದು ಅದೊಂದನ್ನೇ ಇಟ್ಟೆ. ಆಕ್ಸಿಲರೇಟರ್ ಗಕ್ಕನೆ ಒತ್ತಿದೆ, 0.85ಕ್ಕೆ ಹಾರಿತು. ಕಾಲು ತೆಗೆದೆ, 0.1ಕ್ಕೆ ಬಿತ್ತು. ಇಷ್ಟು ಚುರುಕಾಗಿ ಉತ್ತರ ಕೊಡುವ ಸೆನ್ಸರ್ ಸತ್ತಿರೋಕೆ ಹೇಗೆ ಸಾಧ್ಯ?

ಸತ್ತಿರಲಿಲ್ಲ. ಆದರೆ ಐಡಲ್‌ಗೆ ಬಂದ ಕೂಡಲೇ ಕೆಳಗೇ ಬಿದ್ದಿರುತ್ತಿತ್ತು. ಲಾಂಗ್ ಟರ್ಮ್ ಟ್ರಿಮ್, ಅಂದರೆ ಇಸಿಯು ಕಲಿತು ಇಟ್ಟುಕೊಂಡ ತಿದ್ದುಪಡಿ, +21 ಪರ್ಸೆಂಟ್. ಹಾಗೇ 3,000 ಆರ್‌ಪಿಎಂನಲ್ಲಿ ಹಿಡಿದರೆ ಆ ಕ್ಷಣದ ತಿದ್ದುಪಡಿಯಾದ ಶಾರ್ಟ್ ಟರ್ಮ್ ಮೈನಸ್ಸಿಗೆ ಇಳಿದು, ಎರಡೂ ಕೂಡಿ +7. ಐಡಲ್‌ನಲ್ಲಿ ಜಾಸ್ತಿ, ಓಡಿಸಿದಾಗ ಕಮ್ಮಿ. ಇದು ಎಲ್ಲೋ ಗಾಳಿ ನುಗ್ಗುತ್ತಿರುವ ಲಕ್ಷಣ. ನಮ್ಮೂರು ತುಮಕೂರಿನ ಮೆಕ್ಯಾನಿಕ್ ಒಬ್ಬರಿದ್ದಾರೆ, ವಯಸ್ಸಾದವರು, ಸ್ಕ್ಯಾನರ್ ಅಂದರೆ ಅಷ್ಟಕ್ಕಷ್ಟೇ. ಫೋನ್ ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ಸೈಲೆನ್ಸರಿನ ಮಸಿ ನೋಡಿದರು. "ಇನ್‌ಟೇಕ್ ಕಡೆ ಗಾಳಿ ಹೋಗ್ತಿದ್ರೆ ಇಸಿಯು ಪೆಟ್ರೋಲ್ ಹಾಕಿ ಸರಿ ಮಾಡ್ಕೊಳ್ಳುತ್ತೆ, ಮಸಿ ಬರಲ್ಲ. ಗಾಳಿ ಹೋಗ್ತಿರೋದು ಎಕ್ಸಾಸ್ಟ್ ಕಡೆ. ಬೆಳಿಗ್ಗೆ ಬಾಪ್ಪಾ, ಎಂಜಿನ್ ತಣ್ಣಗಿರಬೇಕು" ಅಂದರು.

ಎಕ್ಸಾಸ್ಟ್‌ನಿಂದ ಹೊಗೆ ಹೊರಗೆ ತಾನೇ ಬರಬೇಕು, ಗಾಳಿ ಒಳಗೆ ಹೇಗೆ ಹೋಗುತ್ತೆ ಅಂತ ನಾನೂ ಕೇಳಿದೆ. ಹೊಗೆ ಒಂದೇ ಸಮನೆ ಬರುವುದಿಲ್ಲ. ಒಂದೊಂದು ಸಿಲಿಂಡರ್ ಬಿಟ್ಟಾಗಲೂ ಒಂದು ದೂಡು, ಅದರ ಬೆನ್ನಿಗೇ ಒಂದು ಸೆಳೆತ. ಸಂದಿ ಇದ್ದರೆ ಆ ಸೆಳೆತಕ್ಕೆ ಹೊರಗಿನ ಗಾಳಿ ಒಳಗೆ ಬರುತ್ತದೆ. ಸೆನ್ಸರ್ ಆ ಗಾಳಿಯನ್ನು ಮೂಸಿ ಆಮ್ಲಜನಕ ಜಾಸ್ತಿ ಇದೆ ಅನ್ನುತ್ತದೆ. ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತದೆ. ಹೊಟ್ಟೆ ತುಂಬಿದ್ದೇ ಮಸಿ ಆಯಿತು. ಸೆನ್ಸರ್ ಸುಳ್ಳು ಹೇಳಿರಲಿಲ್ಲ, ಕಂಡಿದ್ದನ್ನೇ ಹೇಳಿತ್ತು.

ಮರುದಿನ ಬೆಳಿಗ್ಗೆ ಗಾಡಿಯನ್ನು ರ‍್ಯಾಂಪಿಗೆ ಹತ್ತಿಸಿದರು. ಎಂಜಿನ್ ಆಫ್. ಧೂಳು ಹೊಡೆಯುವ ಬ್ಲೋವರನ್ನು ಸೈಲೆನ್ಸರಿನ ಬಾಯಿಗೆ ಇಟ್ಟು ಸುತ್ತ ಒದ್ದೆ ಬಟ್ಟೆ ತುರುಕಿದರು. ನನ್ನ ಕೈಗೆ ಪಾತ್ರೆ ತೊಳೆಯುವ ಸೋಪಿನ ನೀರು, ಒಂದು ಹಳೇ ಪೇಂಟ್ ಬ್ರಷ್. ಹೊಸ ವೆಲ್ಡಿಂಗ್ ಎಲ್ಲದಕ್ಕೂ ಬಳಿದೆ, ಏನೂ ಇಲ್ಲ. ಮ್ಯಾನಿಫೋಲ್ಡ್ ಕೆಳಗಿನ ಫ್ಲ್ಯಾಂಜಿಗೆ ಬಳಿದ ಕೂಡಲೇ ಬಲಗಡೆ ಬೋಲ್ಟ್ ಪಕ್ಕ ಬುಳಬುಳ ಅಂತ ನೊರೆ. ನಿಂಬೆಹಣ್ಣಿನಷ್ಟು ಗಾತ್ರದ ಗುಳ್ಳೆ ಎದ್ದು ಒಡೆಯಿತು. ಮುಂದಿನ ಸೆನ್ಸರ್ ಅಲ್ಲಿಂದ ಒಂದು ಗೇಣು ಕೆಳಗೆ. ಬಿಚ್ಚಿ ನೋಡಿದರೆ ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಕೂರಿಸಿದ್ದರು, ಒಂದು ಕಡೆ ಚಪ್ಪಟೆಯಾಗಿ ಸೀಳಿತ್ತು. ಹೊಸದಕ್ಕೆ ₹280.

ಹಿಂದಿನ ಸೆನ್ಸರಿನದು ಬೇರೆಯೇ ಕಥೆ. ಅದರ ನಾಲ್ಕು ವೈರಿನಲ್ಲಿ ಎರಡು ಬಿಳಿ ವೈರ್ ಹೀಟರಿನವು. ಕನೆಕ್ಟರ್ ಬಿಚ್ಚಿ ಅವೆರಡರ ಮಧ್ಯೆ ಮಲ್ಟಿಮೀಟರ್ ಇಟ್ಟೆ, ಏನೂ ತೋರಿಸಲಿಲ್ಲ. ವೈರನ್ನು ಸ್ವಲ್ಪ ಬಗ್ಗಿಸಿದೆ, 7 ಓಮ್. ಬಿಟ್ಟೆ, ಮತ್ತೆ ಇಲ್ಲ. ಕ್ಲಿಪ್ಪಿಗೆ ಸಿಕ್ಕಿಸದೆ ಬಿಟ್ಟಿದ್ದ ವೈರ್ ಹೊಸ ಪೈಪಿನ ಮೇಲೆ ಮಲಗಿ ಕರಗಿ ಒಳಗೇ ತುಂಡಾಗಿತ್ತು. ಬೆಸುಗೆ ಹಾಕೋಣ ಅಂತ ಸೋಲ್ಡರಿಂಗ್ ಐರನ್ ತಂದಿದ್ದೆ, ಮೆಕ್ಯಾನಿಕ್ ಬೇಡ ಅಂದರು. ಈ ಬಗೆಯ ಎಷ್ಟೋ ಸೆನ್ಸರುಗಳು ಹೋಲಿಸಿ ನೋಡೋಕೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ಸಂದಿಯಿಂದಲೇ ಎಳೆದುಕೊಳ್ಳುತ್ತವೆ. ಬೆಸುಗೆ ಹಾಕಿದರೆ ಆ ದಾರಿ ಮುಚ್ಚುತ್ತದೆ. ಕ್ರಿಂಪ್ ಮಾಡಿ, ಶಾಖ ತಡೆಯುವ ಸ್ಲೀವ್ ಹಾಕಿ, ಕ್ಲಿಪ್ಪಿಗೆ ಸಿಕ್ಕಿಸಿದೆವು. ಕೂಲಿ ಸೇರಿ ಎಲ್ಲಾ ₹1,100.

ಕೋಡ್ ಕ್ಲಿಯರ್ ಮಾಡಿ ಶಿರಾ ತನಕ ಹೋಗಿ ಬಂದೆ. ವಾಪಸ್ ಬರುತ್ತಾ ಕ್ಯಾತ್ಸಂದ್ರಕ್ಕೂ ಹೋಗಿ ತಟ್ಟೆ ಇಡ್ಲಿಗೆ ನಿಲ್ಲಿಸಿದಾಗ ಐಡಲ್‌ನಲ್ಲಿ ಟ್ರಿಮ್ +8. ಮಾರನೇ ದಿನ +5. ಈಗಲೂ ಅಲ್ಲೇ ಆಡುತ್ತದೆ. ಪೂರ್ತಿ ಸೊನ್ನೆಗೆ ಬರಲಿ ಅಂತ ಕಾಯಬೇಡಿ. ಬಂಕಿನಲ್ಲಿ ಈಗ ಸಿಗುವುದು ಇ20 ಪೆಟ್ರೋಲ್, ಅಂದರೆ 20 ಪರ್ಸೆಂಟ್ ತನಕ ಎಥೆನಾಲ್ ಬೆರೆಸಿದ್ದು. ಎಥೆನಾಲ್‌ನಲ್ಲೇ ಆಮ್ಲಜನಕ ಇರುವುದರಿಂದ ಹಳೇ ಗಾಡಿಗಳಲ್ಲಿ ಟ್ರಿಮ್ ಸ್ವಲ್ಪ ಮೇಲೇ ಇರುತ್ತದೆ. ಇನ್ನೊಂದು, ಕ್ಲಿಯರ್ ಮಾಡಿದರೆ ಇಸಿಯುವಿನ ಸ್ವಂತ ಪರೀಕ್ಷೆಗಳೂ ಮೊದಲಿಂದ ಶುರುವಾಗುತ್ತವೆ. ಅವೆಲ್ಲ ಮುಗಿದ ಮೇಲೂ ದೀಪ ಬರದಿದ್ದರೆ ಆಗ ಸರಿಹೋಯಿತು ಅನ್ನಿ. ನನ್ನದರಲ್ಲಿ ಮೂರು ದಿನ ಹಿಡಿಯಿತು.

ಡಬ್ಬಿಯ ಬಗ್ಗೆ ದೂರೂ ಇವೆ. ಓಬಿಡಿ ಪೋರ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಬ್ಯಾಟರಿ ಕರೆಂಟ್ ಬರುತ್ತಿರುತ್ತದೆ. ಇದನ್ನು ಚುಚ್ಚಿಯೇ ಬಿಟ್ಟು ಹನ್ನೆರಡು ದಿನ ಊರಿಗೆ ಹೋಗಿದ್ದೆ, ವಾಪಸ್ ಬಂದು ಗಾಡಿ ತಳ್ಳಿದೆ. ಕ್ಲಚ್ ಒತ್ತುವಾಗ ಮೊಣಕಾಲಿಗೆ ತಗಲುತ್ತದೆ, ಒಂದು ಸಲ ಒದ್ದು ಪೋರ್ಟೇ ಸಡಿಲವಾಯಿತು. ಎಬಿಎಸ್, ಏರ್‌ಬ್ಯಾಗ್ ಕೋಡ್ ನನ್ನ ಕಾರಲ್ಲಿ ಓದಲಿಲ್ಲ. ಐಫೋನ್‌ಗೆ ಈ ಮಾಡೆಲ್ ಆಗುವುದಿಲ್ಲ, ಆಂಡ್ರಾಯ್ಡ್ ಮಾತ್ರ. ಪಿನ್ ಕೇಳಿದರೆ 1234. ಕಾರ್ ಸ್ಕ್ಯಾನರ್ ಆ್ಯಪ್ ಕೂಡ ಬಳಸಿ ನೋಡಿದ್ದೇನೆ, ಹೊಸಬರಿಗೆ ಅದು ಸುಲಭ. ಗ್ರಾಫಿಗೆ ನನಗೆ ಟಾರ್ಕೇ ಇಷ್ಟ.

ಬಿಎಸ್4 (ಹೊಗೆಯ ಮಾನದಂಡ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ-2 ಕಡ್ಡಾಯ. ನಿಮ್ಮದು ಅದಕ್ಕಿಂತ ಹಳೆಯದಾಗಿದ್ದರೆ ಕೊಳ್ಳುವ ಮುಂಚೆ ಯಾರದಾದರೂ ಡಬ್ಬಿ ಚುಚ್ಚಿ ನೋಡಿ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಮ್ಮಿಯಾದ ಒಂದು, ಬ್ಯಾಟರಿ ತಿಂದಿದ್ದಕ್ಕೆ.

ಸದ್ಯಕ್ಕೆ ಡಬ್ಬಿ ನನ್ನ ಹತ್ತಿರ ಇಲ್ಲ. ಹಾಸನದ ನಮ್ಮ ಭಾವ ತಗೊಂಡು ಹೋಗಿ ಎರಡು ತಿಂಗಳಾಯಿತು. ಮೊನ್ನೆ ಫೋನ್ ಮಾಡಿ, "ಪಿ0420 ಅಂತ ಬಂದಿತ್ತು ಕಣಪ್ಪಾ, ಕ್ಲಿಯರ್ ಮಾಡಿಬಿಟ್ಟೆ" ಅಂದರು. ಫ್ರೀಜ್ ಫ್ರೇಮ್ ನೋಡಿದ್ರಾ ಭಾವ ಅಂತ ಕೇಳಿದೆ. ಅದೇನು ಅಂದರು.