ಅಳಿಸುವ ಮುನ್ನ ತೋರಿಸುತ್ತದೆ: ಫ್ರೀಫೈಲ್‌ಸಿಂಕ್ ಜೊತೆ ಐದು ವರ್ಷ

ಫ್ರೀಫೈಲ್‌ಸಿಂಕ್ ಅಂದರೆ ಎರಡು ಕಡೆಯ ಫೋಲ್ಡರುಗಳನ್ನು ಹೋಲಿಸಿ ಸರಿದೂಗಿಸುವ ಸಾಫ್ಟ್‌ವೇರ್. ಮೊದಲ ಸಲ ತೆರೆದಾಗ ನನಗೆ ಹಿಡಿಸಲೇ ಇಲ್ಲ. ಪರದೆ ತುಂಬಾ ಬಟನ್ನು, ಬಾಣ. ಮುಚ್ಚಿಬಿಟ್ಟು ದುಡ್ಡು ಕೊಟ್ಟು ಬೇರೊಂದು ಕೊಂಡೆ. ಅದು ತನ್ನ ಪಾಡಿಗೆ ಹಿಂದೆಯೇ ಓಡುತ್ತಿತ್ತು, ನೆಮ್ಮದಿ ಅನಿಸಿತ್ತು. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದೆ. ಅದು ಒಂದು ಮಾತೂ ಕೇಳದೆ ಹಾರ್ಡ್‌ಡಿಸ್ಕಿನಲ್ಲಿದ್ದ ಪ್ರತಿಯನ್ನೂ ಅಳಿಸಿತು. ಹೋದದ್ದು ತಾಳಮದ್ದಳೆಯ ಹದಿನಾಲ್ಕು ಗಂಟೆಯ ರೆಕಾರ್ಡಿಂಗ್. ಆಮೇಲೆ ಫ್ರೀಫೈಲ್‌ಸಿಂಕಿಗೇ ಮರಳಿದೆ.

ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದಾಗಲೆಲ್ಲ ರೆಕಾರ್ಡರ್ ಹಿಡಿದು ಹೋಗುವವನು ನಾನು. 2005ರ ಜುಲೈ 26ರಂದು, ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದ ಆ ಮಳೆಗೆ, ಕುರ್ಲಾದ ನಮ್ಮ ಖೋಲಿಗೆ ಮೀಠಿ ನದಿ ನುಗ್ಗಿ ಅಪ್ಪನ ಕ್ಯಾಸೆಟ್ಟುಗಳೆಲ್ಲ ಕೆಸರುಪಾಲಾದವು. ಈಗ ಡೊಂಬಿವಲಿಯಲ್ಲಿ ನಾಲ್ಕನೇ ಮಹಡಿ. ಆದರೂ ಒಂದು ಡಿಸ್ಕ್ ಮುಲುಂಡಿನ ತಂಗಿಯ ಮನೆಯ ಕಪಾಟಿನಲ್ಲೇ ಇರಬೇಕು ನನಗೆ.

ತಿಂಗಳಿಗೊಂದು ಭಾನುವಾರ ಅದನ್ನು ತರುತ್ತೇನೆ. ಕಾಫಿ ಬೆರೆಸಿಕೊಂಡು, ಕೇಬಲ್ ಚುಚ್ಚಿ, ‘ಕಂಪೇರ್’ ಒತ್ತುತ್ತೇನೆ. ಎಡಕ್ಕೆ ಲ್ಯಾಪ್‌ಟಾಪು, ಬಲಕ್ಕೆ ಡಿಸ್ಕು, ನಡುವೆ ಪ್ರತಿ ಫೈಲಿಗೂ ಒಂದು ಗುರುತು: ಇದು ಹೊಸದು, ಇದು ಬದಲಾದದ್ದು, ಇದು ಅಳಿಯಲಿದೆ. ‘ಸಿಂಕ್ರನೈಸ್’ ಒತ್ತುವ ತನಕ ಒಂದು ಫೈಲೂ ಅಲುಗುವುದಿಲ್ಲ. ನಾನು ಸಾಲುಸಾಲು ಓದುತ್ತೇನೆ. ಹೋದ ವರ್ಷ ಹಾಗೆ ಓದುವಾಗ 212 ಫೈಲುಗಳ ಎದುರು ಅಳಿಸುವ ಗುರುತು! ಲೋಟ ಕೆಳಗಿಟ್ಟೆ. ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ ಮಗಳು ಹಳೆಯ ಫೋಲ್ಡರನ್ನು ಪೆನ್‌ಡ್ರೈವಿಗೆ ‘ಕಟ್’ ಮಾಡಿದ್ದಳು. “ಪಪ್ಪಾ, ಡಿಸ್ಕಲ್ಲಿ ಹೇಗೂ ಇದೆಯಲ್ಲ” ಅಂದಳು. ಮೊದಲಿನ ಸಾಫ್ಟ್‌ವೇರ್ ಆಗಿದ್ದರೆ ಡಿಸ್ಕಲ್ಲೂ ಇರುತ್ತಿರಲಿಲ್ಲ.

ಅಂದೇ ‘ಮಿರರ್’ ಬಿಟ್ಟು ‘ಅಪ್‌ಡೇಟ್’ಗೆ ಬದಲಾಯಿಸಿದೆ. ಮಿರರ್ ಬಲಗಡೆಯನ್ನು ಎಡಗಡೆಯ ತದ್ರೂಪು ಮಾಡುತ್ತದೆ, ಅಳಿಸುವುದೂ ಸೇರಿ. ಅಪ್‌ಡೇಟ್ ಹೊಸದನ್ನು, ಬದಲಾದದ್ದನ್ನು ಮಾತ್ರ ಒಯ್ಯುತ್ತದೆ. ಜೊತೆಗೆ ‘ವರ್ಷನಿಂಗ್’ ಹಾಕಿಡಿ. ಅದಿದ್ದರೆ ಹೊಸ ಪ್ರತಿ ಬರುವಾಗ ಹಳೆಯದು ನೀವು ಹೇಳಿದ ಫೋಲ್ಡರಿಗೆ ಹೋಗಿ ಕೂರುತ್ತದೆ. ವಿಂಡೋಸ್‌ನಲ್ಲಿ ಡ್ರೈವ್ ಅಕ್ಷರ ಇವತ್ತು ಇ, ನಾಳೆ ಎಫ್ ಆಗುವವರು ಅಕ್ಷರದ ಬದಲು ಡಿಸ್ಕಿನ ಹೆಸರನ್ನೇ ಚೌಕ ಆವರಣದಲ್ಲಿ ಬರೆಯಬಹುದು. ನನ್ನದರ ಹೆಸರು ‘ಚೆಂಡೆ’.

ಒಂದು ಎಚ್ಚರಿಕೆ. ಮಾಮೂಲಿ ಹೋಲಿಕೆ ನಡೆಯುವುದು ಫೈಲಿನ ಸಮಯ, ಗಾತ್ರ ನೋಡಿ. ಡಿಸ್ಕಿನೊಳಗೇ ಫೈಲು ಕೆಟ್ಟಿದ್ದರೆ ಅದಕ್ಕೆ ಗೊತ್ತಾಗದು. ಅದಕ್ಕೆ ‘ಫೈಲ್ ಕಂಟೆಂಟ್’ ಹೋಲಿಕೆಯೇ ಬೇಕು, ಅದು ಎರಡೂ ಕಡೆಯದನ್ನು ಪೂರ್ತಿ ಓದುತ್ತದೆ. ನನ್ನ ಒಂದೂಕಾಲು ಟಿಬಿಗೆ ಇಡೀ ರಾತ್ರಿ ಹಿಡಿಯುತ್ತದೆ. ವರ್ಷಕ್ಕೊಮ್ಮೆ, ಮಳೆ ಹಿಡಿಯುವ ಮೊದಲು, ಓಡಲು ಬಿಟ್ಟು ಮಲಗುತ್ತೇನೆ.

ಸ್ವಂತ ಬಳಕೆಗೆ ದುಡ್ಡು ಕೇಳುವುದಿಲ್ಲ, ದೇಣಿಗೆ ಕೊಟ್ಟರೆ ತೆಗೆದುಕೊಳ್ಳುತ್ತಾರೆ. ಆ 212 ಫೈಲು ಉಳಿದ ಸಂಜೆಯೇ ನಾನು ಕೊಟ್ಟೆ.