ಮೂರು ವರ್ಷದ ಲೈನ್ ಫಿಲ್ಟರ್: ಕರೆಂಟ್ ಹೋದಾಗ ಮಾತ್ರ ಯಾಕೆ ಗುಂಯ್ ಅಂತಿತ್ತು?

ಮುಳಬಾಗಿಲಿನ ನಮ್ಮ ಮನೇಲಿ ಬೆಳಗಾದರೆ ಮೊದಲ ಕೆಲಸ ಅಪ್ಪನ ಕಾಲದ ರೇಡಿಯೋ ಹಾಕೋದು. ಗುಂಡಿ ಮೆಲ್ಲಗೆ ತಿರುಗಿಸಿ ಮುಳ್ಳನ್ನು 612ಕ್ಕೆ ನಿಲ್ಲಿಸಿ, ಕಾಫಿ ಲೋಟ ಹಿಡಿದು ಕೂತರೆ ಬೆಂಗಳೂರು ಆಕಾಶವಾಣಿ. ಮನೆ ತುಂಬ ಎಲ್‌ಇಡಿ ಬಲ್ಬು ಬಂದಮೇಲೆ ವಾರ್ತೆಗಿಂತ ಚರಚರ ಸದ್ದೇ ಜಾಸ್ತಿಯಾಯ್ತು. ಅದಕ್ಕೇ ಈ ಲೈನ್ ಫಿಲ್ಟರ್ ತಂದಿದ್ದು, ಅಂದರೆ ಕರೆಂಟ್ ತಂತಿಯಲ್ಲಿ ಬರೋ ಇಂಥ ಗಲಾಟೆ ತಡೆಯೋ ಡಬ್ಬಿ. ಹಾಕಿದ ದಿನವೇ ಸದ್ದು ಮುಕ್ಕಾಲು ಪಾಲು ಅಡಗಿತು.

ಬೇಸರ ಶುರುವಾಗಿದ್ದು ಬೇಸಿಗೇಲಿ. ಕರೆಂಟ್ ಹೋಗಿ ಇನ್ವರ್ಟರ್ ಹತ್ತಿದರೆ ಸಾಕು, ಡಬ್ಬಿ ಗುಂಯ್‌ಗುಡೋದು, ಅರ್ಧ ಗಂಟೇಲಿ ಮೈ ಬೆಚ್ಚಗಾಗೋದು. ರೇಡಿಯೋದಲ್ಲೂ ಒರಟು ಸದ್ದು. ದುಡ್ಡು ದಂಡವಾಯ್ತು ಅಂತ ವಾಪಸ್ ಕೊಡೋಕೇ ಹೊರಟಿದ್ದೆ. ವೈರಿಂಗ್ ಮಾಡೋ ಹುಡುಗ ತಡೆದ: "ಇದೇನೂ ಕೆಟ್ಟಿಲ್ಲ ಸಾರ್, ನಿಮ್ಮ ಇನ್ವರ್ಟರ್ ಕರೆಂಟೇ ಹಂಗೈತೆ."

ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರ್, ಅಂದರೆ ನಯವಾದ ಅಲೆ ಬದಲು ಚೌಕಾಕಾರದ ಅಲೆ ಕೊಡೋದು. ಅದು ಕೊಡೋ ಕರೆಂಟಲ್ಲಿ ಮೂಲ 50 ಹರ್ಟ್ಸ್ (ಸೆಕೆಂಡಿಗೆ 50 ಅಲೆ) ಜೊತೆ ಅದರ ಮೂರು, ಐದು, ಏಳು ಪಟ್ಟಿನ ಅಲೆಗಳು, ಅಂದರೆ 150, 250, 350 ಹರ್ಟ್ಸ್‌ನ ಹಾರ್ಮೋನಿಕ್ಸೂ ಬೆರೆತಿರುತ್ತೆ. 150ರ ವೋಲ್ಟೇಜು ಮೂಲದ ಮೂರನೇ ಒಂದು ಪಾಲು, 250ರದು ಐದನೇ ಒಂದು. ಇಷ್ಟೇ ತಾನೇ ಅನ್ನಬೇಡಿ. ಫಿಲ್ಟರ್ ಒಳಗಿನ ಕೆಪಾಸಿಟರ್, ಹರ್ಟ್ಸ್ ಎಷ್ಟು ಪಟ್ಟು ಏರುತ್ತೋ ಅಷ್ಟು ಪಟ್ಟು ಸಲೀಸಾಗಿ ಕರೆಂಟ್ ಬಿಡುತ್ತೆ. ಹಾಗಾಗಿ ಒಂದೊಂದು ಹಾರ್ಮೋನಿಕ್ಕೂ ಹೆಚ್ಚುಕಮ್ಮಿ ಮೂಲ 50ರಷ್ಟೇ ಕರೆಂಟನ್ನು ಅದರೊಳಗೆ ತಳ್ಳುತ್ತೆ. ಬಿಸಿಯಾಗದೆ ಇನ್ನೇನು! ತಡೆಯೋ ಮಾತಿಗೆ ಬಂದರೆ, ಇಂಥ ಫಿಲ್ಟರ್ ಇರೋದೇ ಲಕ್ಷಗಟ್ಟಲೆ ಹರ್ಟ್ಸ್‌ನ ಗಲಾಟೆಗೆ. 150 ಹರ್ಟ್ಸ್ ಅದರ ಮೂಲಕ ಮನೆ ಕರೆಂಟಿನ ಹಾಗೇ ದಾಟಿಹೋಗುತ್ತೆ. ಡಬ್ಬಿ ಮೇಲೆ ಇದನ್ನೊಂದು ಸಾಲು ಬರೆದಿದ್ದರೆ ನನ್ನ ಒಂದು ಬೇಸಿಗೆ ಉಳಿತಿತ್ತು.

ಚೀಟಿ ದುಡ್ಡು ಬರೋವರೆಗೆ ಕಾದು, ಮನೆ ಕರೆಂಟಿನ ಹಾಗೇ ನಯವಾದ ಅಲೆ ಕೊಡೋ ಸೈನ್ ವೇವ್ ಇನ್ವರ್ಟರ್ ಹಾಕಿಸಿದೆ. ಈಗ ಕರೆಂಟ್ ಹೋದರೂ ಡಬ್ಬಿ ತಣ್ಣಗಿರುತ್ತೆ, ವಾರ್ತೆ ಸ್ವಚ್ಛವಾಗಿ ಕೇಳುತ್ತೆ. ನಿಮ್ಮದೂ ಹಳೇ ಇನ್ವರ್ಟರ್ ಆಗಿದ್ದರೆ, ಕರೆಂಟ್ ಹೋದಾಗ ಫಿಲ್ಟರ್ ಕಿತ್ತಿಡಿ.

ಅರ್ಥಿಂಗ್ ಮಾತ್ರ ಮರೀಬೇಡಿ. ಫಿಲ್ಟರ್ ಒಳಗಿನ ಎರಡು ಕೆಪಾಸಿಟರ್ ಅರ್ಥಿಂಗ್ ತಂತಿಗೇ ಸೇರಿರುತ್ತವೆ. ಅರ್ಥಿಂಗ್ ಸರಿಯಿಲ್ಲದಿದ್ದರೆ ಡಬ್ಬಿ ಮುಟ್ಟಿದಾಗ ಬೆರಳು ಜುಂ ಅನ್ನುತ್ತೆ. ನಮ್ಮ ಕಡೆ ನೆಲ ಬೇಗ ಒಣಗುತ್ತೆ, ಅದಕ್ಕೇ ಮಾರ್ಚಿಯಿಂದ ದಿನಾ ಸಂಜೆ ತುಳಸಿಗೆ ನೀರು ಹಾಕಿದಮೇಲೆ ಒಂದು ಬಿಂದಿಗೆ ಅರ್ಥಿಂಗ್ ಗುಂಡಿಗೂ ಹುಯ್ಯುತ್ತೀನಿ.