ಕಾಸರಗೋಡಿನ ಕನ್ನಡ ಮಕ್ಕಳಿಗೆ ಗೇಮ್ ಕಲಿಸಲು ಗೊಡೊ ಇಂಜಿನ್: ವರ್ಷಗಟ್ಟಲೆ ಬಳಸಿದ ಮೇಲೆ

ಬದಿಯಡ್ಕದಲ್ಲಿ ಹೈಸ್ಕೂಲು ಮಕ್ಕಳಿಗೆ ಗೇಮ್ ಮಾಡುವುದನ್ನು ಹೇಳಿಕೊಡುತ್ತೇನೆ. ಹೆಚ್ಚಿನವರು ಕನ್ನಡ ಮಾಧ್ಯಮದವರು. ಸ್ಕ್ರ್ಯಾಚ್, ಸ್ವಲ್ಪ ಪೈಥಾನ್ ಶಾಲೆಯ ಐಟಿ ಪುಸ್ತಕದಲ್ಲೇ ಬಂದಿರುತ್ತದೆ. ಅದರ ಮುಂದಕ್ಕೆ ನಾನು ಬಳಸುವುದು ಗೊಡೊ, ಅಂದರೆ ಕಂಪ್ಯೂಟರಿನಲ್ಲಿ ಗೇಮ್ ಮಾಡುವ ತಂತ್ರಾಂಶ. 3ನೇ ಆವೃತ್ತಿಯ ಕಾಲದಿಂದಲೂ ಇದೇ.

ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಡ, ಇನ್‌ಸ್ಟಾಲ್ ಕೂಡ ಬೇಡ. ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಮನೆಯಲ್ಲಿ ತೆರೆದು ಕೂರಬಹುದು. ಲಿನಕ್ಸಿನಲ್ಲೂ ನಡೆಯುತ್ತದೆ, ಇಲ್ಲಿನ ಶಾಲೆಗಳಲ್ಲಿರುವುದು ಅದೇ ಅಲ್ವಾ. ಮಳೆಗೆ ನೆಟ್ ಹೋದರೂ ಎಫ್1 ಒತ್ತಿದರೆ ಸಹಾಯ ಪುಟಗಳು ಒಳಗೇ ಇವೆ.

ಆದರೆ ನನಗೆ ಇದು ಇಷ್ಟವಾಗಲು ದೊಡ್ಡ ಕಾರಣ ಕನ್ನಡ. ಮೊದಲು ಹೀಗಿರಲಿಲ್ಲ. ಒಬ್ಬ ಹುಡುಗ ‘ಅಡಿಕೆ ಹೆಕ್ಕುವ ಆಟ’ ಮಾಡಿದ್ದ. 3ನೇ ಆವೃತ್ತಿಯಲ್ಲಿ ಆ ಹೆಸರು ಬರೆದರೆ ಎತ್ವ ಒಂದು ಕಡೆ, ಕಕಾರದ ಒತ್ತು ಕೆಳಗಿಳಿಯದೆ ಇನ್ನೊಂದು ಕಡೆ. ಕನ್ನಡದ ಸಾಲುಗಳನ್ನೆಲ್ಲ ಚಿತ್ರ ಮಾಡಿ ಅಂಟಿಸುತ್ತಿದ್ದೆವು. 2023ರ ಮಾರ್ಚ್‌ನಲ್ಲಿ 4.0 ಬಂತು. ಅಕ್ಷರ ಜೋಡಿಸುವ ಹಾರ್ಫ್‌ಬಜ್ ಅದರೊಳಗೇ ಇದೆ. ನೋಟೋ ಸಾನ್ಸ್ ಕನ್ನಡ ಫಾಂಟನ್ನು ಪ್ರಾಜೆಕ್ಟಿನ ಫೋಲ್ಡರಿಗೆ ಹಾಕಿ ಆರಿಸಿದರೆ ಸಾಕು, ಒತ್ತಕ್ಷರ ಸರಿಯಾದ ಜಾಗದಲ್ಲಿ ಕೂರುತ್ತದೆ. ತಮ್ಮ ಭಾಷೆ ಪರದೆಯ ಮೇಲೆ ನೆಟ್ಟಗೆ ಕಂಡಾಗ ಮಕ್ಕಳು ಸಂಭಾಷಣೆ ಇರುವ ಆಟಗಳನ್ನೇ ಮಾಡಲು ಹೊರಟರು.

ಪಾಠಕ್ಕೂ ಒಳ್ಳೆಯದು. ಅಡಿಕೆ ಫ್ರೇಮಿಗೆ (ಪರದೆಯ ಚಿತ್ರ ಒಂದು ಸಲ ಬದಲಾಗುವುದಕ್ಕೆ) 5 ಪಿಕ್ಸೆಲ್ ಬೀಳಲಿ ಅಂತ ಬರೆಸುತ್ತೇನೆ. ಸೆಕೆಂಡಿಗೆ 60 ಫ್ರೇಮ್ ಕೊಡುವ ಲ್ಯಾಪ್‌ಟಾಪಿನಲ್ಲಿ ಸೆಕೆಂಡಿಗೆ 300 ಪಿಕ್ಸೆಲ್, ಕುಂಟುತ್ತಾ 30 ಕೊಡುವುದರಲ್ಲಿ 150. ಎರಡನ್ನೂ ಅಕ್ಕಪಕ್ಕ ಇಟ್ಟರೆ ‘ಸರ್, ಇದರಲ್ಲಿ ಮೆಲ್ಲ ಬೀಳ್ತದೆ’ ಅನ್ನುತ್ತಾರೆ. ಆಗ ಡೆಲ್ಟಾದಿಂದ, ಅಂದರೆ ಹಿಂದಿನ ಫ್ರೇಮಿನಿಂದ ಕಳೆದ ಸಮಯದಿಂದ ಗುಣಿಸುವುದು ಯಾಕೆ ಅಂತ ಜಾಸ್ತಿ ವಿವರಿಸಬೇಕಾಗುವುದಿಲ್ಲ.

ತೊಂದರೆಗಳೂ ಇವೆ. 3ರಿಂದ 4ಕ್ಕೆ ಬರುವಾಗ ಕೋಡಿನಲ್ಲಿ ಬಳಸುವ ಹೆಸರುಗಳು ಬದಲಾದವು. ಕೈನೆಮ್ಯಾಟಿಕ್‌ಬಾಡಿ ಹೋಗಿ ಕ್ಯಾರೆಕ್ಟರ್‌ಬಾಡಿ ಆಯಿತು, ಯೀಲ್ಡ್ ಹೋಗಿ ಅವೇಟ್ ಆಯಿತು. ಹಳೆಯ ಯೂಟ್ಯೂಬ್ ವಿಡಿಯೋ ನೋಡಿ ಬರೆದ ಮಗುವಿಗೆ ಸಾಲು ಸಾಲು ಕೆಂಪು ಕಾಣುತ್ತದೆ, ಪಾಪ, ತನ್ನದೇ ತಪ್ಪು ಅಂದುಕೊಳ್ಳುತ್ತದೆ. ವಿಡಿಯೋ ಯಾವ ಆವೃತ್ತಿಯದು ಅಂತ ಮೊದಲು ನೋಡಲು ಕಲಿಸಿ. ವಾಟ್ಸಾಪಿನಲ್ಲಿ ಬಂದ ಕೋಡನ್ನು ಹಾಗೇ ಅಂಟಿಸಲೂ ಬಿಡಬೇಡಿ. ಸಾಲಿನ ಶುರುವಿನಲ್ಲಿ ಟ್ಯಾಬ್, ಸ್ಪೇಸ್ ಬೆರೆತರೆ ಓಡುವುದೇ ಇಲ್ಲ.

ಹಳೆಯ ಲ್ಯಾಪ್‌ಟಾಪಿಗೆ ವಲ್ಕನ್ (ಗೊಡೊ 4 ಚಿತ್ರ ಬಿಡಿಸಲು ಬಳಸುವ ಗ್ರಾಫಿಕ್ಸ್ ವ್ಯವಸ್ಥೆ) ಬರದಿದ್ದರೆ, ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ‘ಕಂಪ್ಯಾಟಿಬಿಲಿಟಿ’ ಆರಿಸಿ. 2ಡಿ ಆಟಕ್ಕೆ ಅದು ಧಾರಾಳ ಸಾಕು.

ಫೋನಿಗೆ ಆ್ಯಪ್ ಮಾಡುವುದು ಶುರುವಿನಲ್ಲಿ ಬೇಡ. ಜಾವಾ, ಆಂಡ್ರಾಯ್ಡ್ ಎಸ್‌ಡಿಕೆ ಎಲ್ಲ ಇಳಿಸುವಷ್ಟರಲ್ಲಿ ಮಕ್ಕಳ ಉಮೇದು ಇಳಿದಿರುತ್ತದೆ. ಬ್ರೌಸರಿನಲ್ಲೇ ಆಡುವಂತೆ ವೆಬ್‌ಗೆ ಎಕ್ಸ್‌ಪೋರ್ಟ್ ಮಾಡಿಸಿ. 4.0ರಲ್ಲಿ ಅದಕ್ಕೆ ಸರ್ವರಿನಲ್ಲಿ ವಿಶೇಷ ಸೆಟ್ಟಿಂಗ್ ಬೇಕಿತ್ತು. 2024ರ ಆಗಸ್ಟ್‌ನಲ್ಲಿ ಬಂದ 4.3ರಿಂದ ಆ ರಗಳೆ ಇಲ್ಲ. ಹೊಸದಾಗಿ ಕಲಿಸಲು ಹೊರಟವರು 4.3 ಅಥವಾ ಅದರ ನಂತರದ್ದನ್ನೇ ಹಾಕಿಕೊಳ್ಳಿ.